ಫ್ರಿಜ್ಜಿನಲ್ಲಿಟ್ಟ ನಾಲ್ಕು ಬಾಟಲಿ

ಜೇವರ್ಗಿ ಕಾಲೋನಿ, ಕಲಬುರಗಿ
14 ಆಗಸ್ಟ್ 2024

ವಿದ್ಯಕ್ಕನಿಗೆ,

ಕಾಗದ ನೋಡಿ ನಗಬೇಡ. ಫೋನ್ ಮಾಡಬೇಡ ಅಂದವಳು ನೀನೇ. ‘ನಿನ್ನ ದನಿ ಕೇಳಿದ್ರ ನನಗ ನೀ ಅವತ್ತ ಏನೂ ಇಲ್ಲಕ್ಕಾ ಅಂದದ್ದೇ ಕೇಳಸ್ತದ’ ಅಂದು ಕಟ್ ಮಾಡಿದವಳೂ ನೀನೇ. ಕಾಗದಕ್ಕೆ ದನಿ ಇಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುವ ಆಸ್ಫಿಯಾ ದಿನಾ ಕಮಲಾಪುರದಿಂದಲೇ ಬಸ್ಸಿಗೆ ಬಂದು ಹೋಗುತ್ತಾಳೆ. ಅವರ ಮನೆ ನಿಮ್ಮ ಓಣಿಯ ಹಿಂದೆಯೇ. ಪಂಚಮಿಯ ಸೀರೆ ಮತ್ತು ಅವ್ವ ಕಟ್ಟಿದ ಶೇಂಗಾದುಂಡಿ ಅವಳ ಕೈಯಲ್ಲಿ ಕಳಿಸಿದ್ದೇನೆ. ಪಂಚಮಿ ದಿನ ಬಸ್ ಸ್ಟ್ಯಾಂಡಿಗೆ ಹೋಗಿ ಹುಮನಾಬಾದ್ ಕಡೆಯಿಂದ ಬಂದ ಮೂರು ಬಸ್ ನೋಡಿದೆ. ನೀನು ಇಳಿಯಲಿಲ್ಲ. ಅಕ್ಕನಿಗೆ ಬ್ಲೌಸು ಹೊಲಿಯುವ ಗಡಿಬಿಡಿ ಅಂತ ಅವ್ವನಿಗೆ ಸುಳ್ಳು ಹೇಳಿದೆ.

ನಿನ್ನ ಸಿಟ್ಟು ತಪ್ಪು ಅನ್ನುವುದಿಲ್ಲ. ಮೂರು ವರ್ಷದ ಹಿಂದೆ ನಿನ್ನ ಮಗಳ, ನಮ್ಮ ಭಾಗಿಯ, ಹೊಟ್ಟೆ ಊದಿ ಮೂಗಿನಲ್ಲಿ ರಕ್ತ ಬಂದಾಗ ಡಾಕ್ಟರಿಗಿಂತ ಮೊದಲು ನೀನು ನನ್ನ ಹತ್ತಿರ ಬಂದೆ. ನಾನು ಅವಳ ಬೆರಳಿನ ಒಂದು ಹನಿ ರಕ್ತವನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿ, ಏನೂ ಇಲ್ಲಕ್ಕಾ, ಜಂತಿನ ಔಷಧ ಕೊಡು ಅಂದೆ. ದೊಡ್ಡ ಜಾಣನ ಹಾಗೆ ಅಂದೆ. ಆ ಒಂದು ಮಾತಿನ ಮೇಲೆ ನೀನು ಒಂದೂವರೆ ವರ್ಷ ಸುಮ್ಮನಿದ್ದೆ. ಮೈಯಲ್ಲಿ ಹುಟ್ಟಬೇಕಾದ ಒಂದು ಎಂಜೈಮ್ ಹುಟ್ಟುತ್ತಲೇ ಇಲ್ಲ, ಅದಕ್ಕೇ ಹೊಟ್ಟೆಯ ಎಡಗಡೆಯ ಗುಲ್ಮ ಊದುತ್ತಿದೆ ಅಂತ ಹೈದರಾಬಾದಿನ ಡಾಕ್ಟರು ಹೇಳಿದ ದಿನದಿಂದ ನಾನು ಕನ್ನಡಿಯಲ್ಲಿ ನನ್ನ ಕಣ್ಣು ನೋಡಿಕೊಳ್ಳುವುದನ್ನು ಬಿಟ್ಟಿದ್ದೇನೆ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆಂದರೆ ಮೊನ್ನೆ ಸೋಮವಾರ ಲ್ಯಾಬಿನಲ್ಲಿ ಒಂದು ಸ್ಯಾಂಪಲ್ ನೋಡುವಾಗ ನನಗೆ ಏನೋ ಕಂಡಿತು. ಇರಬಾರದ್ದು. ಯಾರಿಗಾದರೂ ಹೇಳಬೇಕು ಅನ್ನಿಸಿತು.

ಭಾಗಿಯ ಔಷಧ ಸರಿಯಾಗಿ ನಡೆದಿದೆ ತಾನೆ? ಒಂದು ಸಾಲು ಬರೆ.

ತಪ್ಪಿತಸ್ಥ ತಮ್ಮ,
ವಿವೇಕಾನಂದ


ಕಮಲಾಪುರ
26 ಆಗಸ್ಟ್ 2024

ವಿವೇಕ,

ಸೀರೆ ಬಂತು. ಬಣ್ಣ ನೀನು ಆರಿಸಿದ್ದಲ್ಲ, ಅವ್ವ ಆರಿಸಿದ್ದು, ಅದಕ್ಕೇ ಇಟ್ಟುಕೊಂಡಿದ್ದೇನೆ. ಉಂಡಿ ನಿಮ್ಮ ಭಾವನೇ ಅರ್ಧ ಮುಗಿಸಿದರು. ತಪ್ಪಿತಸ್ಥ ಅಂತೆಲ್ಲ ಸಹಿ ಹಾಕಬೇಡ. ತಪ್ಪು ಮಾಡಿದವರು ಅಷ್ಟು ಚಂದಾಗಿ ಬರೆಯಬಾರದು.

ಭಾಗಿ ಅರಾಮಿದ್ದಾಳೆ. ಹದಿನೈದು ದಿನಕ್ಕೊಮ್ಮೆ ಐಸ್ ಡಬ್ಬಿಯಲ್ಲಿ ಎರಡು ಬಾಟಲಿ ಇಟ್ಟುಕೊಂಡು ಕಲಬುರಗಿಯ ಆಸ್ಪತ್ರೆಗೆ ಹೋಗುತ್ತೇವೆ, ನಾಲ್ಕು ತಾಸು ಸಲಾಯಿನ್ ಹಾಗೆ ಏರಿಸುತ್ತಾರೆ, ಸೂಪರ್ ಮಾರ್ಕೆಟ್ಟಿನಲ್ಲಿ ಅವಳಿಗೆ ಬಳೆ ಕೊಡಿಸಿಕೊಂಡು ತಿರುಗಿ ಬರುತ್ತೇವೆ. ನಿಮ್ಮ ಕಾಲೋನಿ ದಾಟಿಯೇ ಹೋಗುತ್ತೇವೆ ಅಂತ ಬೇರೆ ಹೇಳಬೇಕಾಗಿಲ್ಲ. ಸೋಮವಾರಕ್ಕೊಮ್ಮೆ ಬ್ಲೌಸಿನ ಟೇಪು ತಗೊಂಡು ಅವಳ ಹೊಟ್ಟೆ ಅಳೆಯುತ್ತೇನೆ. ಔಷಧಕ್ಕೆ ಮೊದಲು ಇಪ್ಪತ್ತೊಂಬತ್ತು ಇಂಚು ಇತ್ತು. ಇವತ್ತು ಇಪ್ಪತ್ತೈದೂವರೆ. ಅವಳ ಅಳತೆ ಬರೆಯುವುದಕ್ಕೆ ಬ್ಲೌಸಿನ ಪುಸ್ತಕದಲ್ಲಿ ಕಡೆಯ ಹಾಳೆ ಬಿಟ್ಟಿದ್ದೇನೆ.

ನಿನಗೆ ಏನೋ ಕಂಡಿತು ಅಂದೆಯಲ್ಲ, ಏನದು? ಅರ್ಧ ಹೇಳಿ ಬಿಡುವ ಚಾಳಿ ಸಣ್ಣಂದಿನಿಂದ ಇದೆ ನಿನಗೆ. ನಿನ್ನ ಕೆಲಸ ಏನು ಅಂತ ಓಣಿಯವರು ಕೇಳಿದರೆ ಔಷಧದಾಗ ಹುಳ ಹುಡುಕ್ತಾನ ಅನ್ನುತ್ತೇನೆ. ಸರಿಯೋ ತಪ್ಪೋ ಹೇಳು.

ವಿದ್ಯಾವತಿ


ಕಲಬುರಗಿ
5 ಸೆಪ್ಟೆಂಬರ್ 2024

ಅಕ್ಕಾ,

ಸರಿಯಾಗಿಯೇ ಹೇಳಿದ್ದೀಯ. ಹುಳ ಅಂದರೆ ವೈರಸ್. ಕೆಲವು ಔಷಧಗಳನ್ನು ಗುಳಿಗೆಯ ಹಾಗೆ ಪುಡಿ ಬೆರೆಸಿ ಮಾಡಲಿಕ್ಕೆ ಬರುವುದಿಲ್ಲ. ದೊಡ್ಡ ಸ್ಟೀಲ್ ಟ್ಯಾಂಕಿನಲ್ಲಿ ಜೀವಕೋಶಗಳನ್ನು ಬೆಳೆಸಿ, ಅವು ತಯಾರಿಸಿದ್ದನ್ನು ಸೋಸಿ ತೆಗೆಯುತ್ತಾರೆ. ಟ್ಯಾಂಕಿನೊಳಗೆ ಹೊರಗಿನ ವೈರಸ್ ಹೊಕ್ಕಿದೆಯೋ ಅಂತ ನೋಡುವುದು ನಮ್ಮ ಕೆಲಸ. ಆ ಕೋಶಗಳನ್ನು ರಾಳದಲ್ಲಿ ಗಟ್ಟಿ ಮಾಡಿ, ವಜ್ರದ ಅಲಗಿನಿಂದ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಹೆಚ್ಚಿ, ಸಣ್ಣ ತಾಮ್ರದ ಜಾಲರಿಯ ಮೇಲಿಟ್ಟು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ಯಾವ ಕಂಪನಿ, ಯಾವ ಔಷಧ ಅನ್ನುವುದು ನಮಗೆ ಗೊತ್ತಿರುವುದಿಲ್ಲ. ಬರೀ ನಂಬರ್.

ಇಬ್ಬರು ನೋಡಬೇಕು ಅನ್ನುವುದು ನಿಯಮ. ಒಬ್ಬರು ನೋಡಿದ ಮೇಲೆ ಇನ್ನೊಬ್ಬರು. ಒಬ್ಬರಿಗೊಬ್ಬರು ಮಾತಾಡದೆ ಬೇರೆ ಬೇರೆ ಹಾಳೆಯಲ್ಲಿ ಬರೆದು ಲಕೋಟೆಗೆ ಹಾಕಬೇಕು. ನಾನು ಮೊದಲನೆಯವನು, ಆಸ್ಫಿಯಾ ಎರಡನೆಯವಳು. ಆ ಸೋಮವಾರ ಒಂದು ಕೋಶದ ಮೂಲೆಯಲ್ಲಿ ಸಣ್ಣ ದುಂಡನೆಯ ಕಾಳುಗಳು ಕಂಡವು. ಕೋಶದೊಳಗೆ ತನ್ನವೇ ಕಾಳುಗಳು ಬೇಕಾದಷ್ಟಿರುತ್ತವೆ, ಆದರೆ ಅವು ಚೆಲ್ಲಾಪಿಲ್ಲಿ ಇರುತ್ತವೆ. ಇವು ಜೋಳದ ತೆನೆಯಲ್ಲಿ ಕೂತ ಹಾಗೆ ಸಾಲಾಗಿ ಕೂತಿದ್ದವು. ವೈರಸ್ ಇರುವ ಸಂಶಯ ಅಂತ ಬರೆದೆ. ಲಕೋಟೆ ಒಡೆದರೆ ಆಸ್ಫಿಯಾ, ಕೋಶದ್ದೇ ಕಾಳು, ಸಂಶಯ ಇಲ್ಲ ಅಂತ ಬರೆದಿದ್ದಳು.

ಅವಳು ನನಗಿಂತ ಚುರುಕು, ಅಕ್ಕಾ. ಈಗ ಬೇರೆ ತುಣುಕು ಹೆಚ್ಚುತ್ತಿದ್ದಾರೆ, ವೈರಸ್ಸಿನ ವಂಶವಾಹಿ ಹುಡುಕುವ ಇನ್ನೊಂದು ಪರೀಕ್ಷೆಗೂ ಕಳಿಸಿದ್ದಾರೆ. ವಾರಗಟ್ಟಲೆ ಹಿಡಿಯುತ್ತದೆ. ಅಲ್ಲಿಯತನಕ ಆ ಟ್ಯಾಂಕಿನದೆಲ್ಲ ಬಂದ್. ಎಲ್ಲಿಯೋ ಯಾರದೋ ಔಷಧ ನನ್ನ ಒಂದು ಸಾಲಿಗೆ ನಿಂತಿದೆ. ಒಮ್ಮೆ ಕಾಣದೆ ಬಿಟ್ಟ ಕಣ್ಣು ಈಗ ಹೆದರಿ ಇಲ್ಲದ್ದನ್ನೂ ಕಾಣುತ್ತಿದೆಯೋ ಏನೋ. ಇದನ್ನು ಲ್ಯಾಬಿನಲ್ಲಿ ಯಾರಿಗೂ ಹೇಳುವ ಹಾಗಿಲ್ಲ.

ಇಪ್ಪತ್ತೈದೂವರೆ ಅಂತ ಓದಿ ಅವ್ವ ದೇವರ ಮುಂದೆ ಸಕ್ಕರೆ ಇಟ್ಟಳು.

ವಿವೇಕ


ಕಮಲಾಪುರ
16 ಸೆಪ್ಟೆಂಬರ್ 2024

ವಿವೇಕ,

ಸಿಟ್ಟು ಬದಿಗಿಟ್ಟು ಬರೆಯುತ್ತಿದ್ದೇನೆ, ನೀನೂ ಹಾಗೇ ಓದು. ಶುಕ್ರವಾರ ಔಷಧದ ಕಂಪನಿಯಿಂದ ಕಾಗದ ಬಂತು. ಔಷಧ ತಯಾರಿಸುವ ಟ್ಯಾಂಕಿನ ಸ್ಯಾಂಪಲ್ಲಿನಲ್ಲಿ ವೈರಸ್ ಇರಬಹುದೆಂಬ ಸಂಶಯ ಬಂದಿದೆಯಂತೆ. ಆಗಸ್ಟ್ ಹನ್ನೆರಡರ ಪರೀಕ್ಷೆಯಂತೆ. ಅದೇ ಟ್ಯಾಂಕಿನಲ್ಲಿ ಅದಕ್ಕಿಂತ ಮೊದಲು ತಯಾರಾದ ಬಾಟಲಿಗಳನ್ನೂ ಹಾಕಿಸಬಾರದಂತೆ, ಆಸ್ಪತ್ರೆಗೆ ತಿರುಗಿ ಕೊಡಬೇಕಂತೆ. ನಂಬರ್ ಕೊಟ್ಟಿದ್ದರು. ಫ್ರಿಜ್ ತೆಗೆದು ನೋಡಿದೆ. ನಮ್ಮವೇ.

ಆರು ಇದ್ದವು. ಎರಡು ಈ ತಿಂಗಳ ಎರಡನೇ ತಾರೀಖು ಭಾಗಿಯ ಮೈಗೆ ಹೋಗಿವೆ. ನಾಲ್ಕು ಉಳಿದಿವೆ. ಇವತ್ತು ಅವಳ ಸರದಿ ಇತ್ತು, ಆಸ್ಪತ್ರೆಗೆ ಹೋದರೆ ಡಾಕ್ಟರು ಮುಟ್ಟಲಿಕ್ಕೆ ಒಲ್ಲೆ ಅಂದರು. ಬೇರೆ ಔಷಧ ಯಾವಾಗ ಅಂದರೆ ಕೈ ತಿರುವಿದರು. ಬಾಟಲಿ ಇಟ್ಟು ಹೋಗಿರಿ ಅಂದರೂ ಕೊಡದೆ ಹಂಗೇ ತಿರುಗಿ ಬಂದೆವು. ಬಸ್ಸಿನಲ್ಲಿ ಅವಳು ‘ಬಳೆ ಬ್ಯಾಡ ಬಿಡವ್ವಾ’ ಅಂದಳು.

ನೀನು ಇದೇ ಲೈನಿನಲ್ಲಿ ಇದ್ದೀ. ನಿಮ್ಮಂಥ ಲ್ಯಾಬು ಎಷ್ಟಿವೆಯೋ, ಎಲ್ಲಿಯದೋ ಒಂದರಲ್ಲಿ ಯಾವನೋ ಒಬ್ಬ ಕೂತಲ್ಲೇ ಕಂಡೆ ಅಂದನಂತೆ, ಅವನ ಮಾತಿಗೆ ನನ್ನ ಮಗಳ ಔಷಧ ನಿಂತಿದೆ. ಅವನ ಕೈ ಸೇದಿ ಹೋಗಲಿ. ಎರಡು ಹೋಗಿವೆ, ಜ್ವರ ಸೈತ ಬಂದಿಲ್ಲ. ಉಳಿದ ನಾಲ್ಕಕ್ಕೆ ಏನು ಧಾಡಿ? ವಿಚಾರಿಸಿ ತಿಳಿಸು. ಹಾಕಿಸಬಹುದೋ ಬಾರದೋ, ಅಷ್ಟೇ ಹೇಳು.

ಇಪ್ಪತ್ತೈದೂ ಮುಕ್ಕಾಲು.

ಅಕ್ಕ


ಕಮಲಾಪುರ
30 ಸೆಪ್ಟೆಂಬರ್ 2024

ವಿವೇಕ,

ಹದಿನಾಲ್ಕು ದಿನ ಆಯಿತು. ಆಸ್ಫಿಯಾಳನ್ನು ಎರಡು ಸಲ ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದೆ. ಆ ಹುಡುಗಿ ನೆಲ ನೋಡುತ್ತಾಳೆ. ‘ಅವರ ಕಾಗದ ಕೊಟ್ಟರ ತರ್ತೀನಿ ಅಕ್ಕಾ, ಬಾಯಿಂದ ಏನೂ ಕೇಳಬ್ಯಾಡ್ರಿ’ ಅಂತ ಅಷ್ಟೇ ಅಂದಳು.

ನೀನು ಬರೆಯುವುದಿಲ್ಲ ಅಂತ ಗೊತ್ತಾಯಿತು. ಮೊನ್ನೆ ಊಟಕ್ಕೆ ಕೂತಾಗ ಭಾಗಿಯ ಮೂಗಿನಿಂದ ರಕ್ತ ಬಂತು. ಇಪ್ಪತ್ತಾರೂವರೆ. ಇನ್ನು ನಾನು ಯಾರ ದಾರಿಯನ್ನೂ ಕಾಯುವುದಿಲ್ಲ. ಇಲ್ಲಿ ಸಾವಿತ್ರಿಬಾಯಿ ಅಂತ ರಿಟೈರಾದ ನರ್ಸ್ ಇದ್ದಾರೆ. ಮನೆಗೆ ಬಂದು ಏರಿಸುತ್ತೇನೆ ಅಂದಿದ್ದಾರೆ. ಬರುವ ಶುಕ್ರವಾರ, ನಾಲ್ಕನೇ ತಾರೀಖು. ಕಾಗದ ಬಂದ ವಿಷಯ ಅವರಿಗೆ ಹೇಳಿಲ್ಲ. ನಿಮ್ಮ ಭಾವನಿಗೂ ಪೂರ್ತಿ ಹೇಳಿಲ್ಲ.

ಒಂದೂವರೆ ವರ್ಷ ನಿನ್ನ ಮಾತು ಕೇಳಿ ಸುಮ್ಮನೆ ಕೂತವಳು ನಾನು. ಎರಡನೇ ಸಲ ಕೂಡುವುದಿಲ್ಲ.

ವಿದ್ಯಾವತಿ


ಕಮಲಾಪುರ ಬಸ್ ಸ್ಟ್ಯಾಂಡ್
2 ಅಕ್ಟೋಬರ್ 2024

ಅಕ್ಕಾ,

ಇವತ್ತು ರಜೆ, ಆಸ್ಫಿಯಾ ಲ್ಯಾಬಿಗೆ ಬರುವುದಿಲ್ಲ, ಅದಕ್ಕೆ ನಾನೇ ಬಸ್ ಹತ್ತಿ ಬಂದೆ. ನಿಮ್ಮ ಓಣಿಯ ತಿರುವಿನ ತನಕ ಬಂದೆ. ನಿನ್ನ ಮಷಿನ್ನಿನ ಸದ್ದು ಕೇಳಿಸಿತು. ಅಲ್ಲಿಂದಲೇ ತಿರುಗಿದೆ. ಇಲ್ಲಿ ಬಾಳೆಹಣ್ಣಿನ ಗಾಡಿಯ ಪಕ್ಕ ಕಟ್ಟೆಯ ಮೇಲೆ ಕೂತು ಬರೆದು ಆಸ್ಫಿಯಾಳ ಮನೆಗೆ ಕೊಟ್ಟು ಹೋಗುತ್ತೇನೆ.

ಆ ಯಾವನೋ ಒಬ್ಬ ನಾನೇ.

ಆಗಸ್ಟ್ ಹನ್ನೆರಡು, ಸೋಮವಾರ. ನಿನ್ನ ಕಾಗದದಲ್ಲಿ ಆ ತಾರೀಖು ಓದಿದಾಗಲೇ ಗೊತ್ತಾಯಿತು. ಅಷ್ಟು ಹೊತ್ತಿನ ತನಕ ಅದು ಬರೀ ನಂಬರ್ ಆಗಿತ್ತು. ಭಾಗಿಯ ಔಷಧ ಅಂತ ಗೊತ್ತಿದ್ದರೆ ಬರೆಯುತ್ತಿದ್ದೆನೋ ಇಲ್ಲವೋ ಅಂತ ಹದಿನಾಲ್ಕು ದಿನ ನನ್ನನ್ನು ನಾನೇ ಕೇಳಿಕೊಂಡೆ. ಅದಕ್ಕೇ ಬರೆಯಲಿಲ್ಲ. ಇದನ್ನು ಹೊರಗೆ ಹೇಳಿದ್ದಕ್ಕೆ ನನ್ನ ನೌಕರಿ ಹೋಗಬಹುದು. ಹೋಗಲಿ. ನನ್ನ ಅಕ್ಕನ ಮಗಳಿಗೇ ಆ ಔಷಧ ನಡೆದಿದೆ, ಈ ಕೆಲಸದಿಂದ ನನ್ನನ್ನು ತೆಗೆಯಿರಿ ಅಂತ ನಾಳೆ ಮೇಲಿನವರಿಗೆ ಹೇಳುತ್ತೇನೆ.

ನೀನು ಕೇಳಿದ್ದು ಒಂದೇ ಮಾತು, ಹಾಕಿಸಬಹುದೋ ಬಾರದೋ. ಗೊತ್ತಿಲ್ಲಕ್ಕಾ. ಸಾಲಾಗಿ ಕೂತ ಕಾಳುಗಳನ್ನು ನಾನು ನೋಡಿದ್ದು ಖರೆ. ಅವು ವೈರಸ್ಸೇ ಹೌದೋ ಗೊತ್ತಿಲ್ಲ. ನನಗಿಂತ ಚುರುಕಾದ ಆಸ್ಫಿಯಾ, ವೈರಸ್ ಅಲ್ಲ ಅಂದಿದ್ದಾಳೆ. ನಿನ್ನ ಬಾಟಲಿಗಳು ಅದಕ್ಕಿಂತ ಮೊದಲಿನವು, ಆಗಲೇ ಟ್ಯಾಂಕಿನಲ್ಲಿ ಹೊಕ್ಕಿತ್ತೋ ಆಮೇಲೆ ಹೊಕ್ಕಿತೋ ಗೊತ್ತಿಲ್ಲ. ಬಾಟಲಿಗೆ ತುಂಬುವ ಮೊದಲು ಹಲವು ಸಲ ಸೋಸುತ್ತಾರೆ, ಇದ್ದದ್ದೂ ಹೋಗಿರಬಹುದು. ಮೈಗೆ ಹೋದರೂ ಏನೂ ಮಾಡದ ಜಾತಿಯ ವೈರಸ್ ಇರಬಹುದು. ಅಲ್ಲದೆಯೂ ಇರಬಹುದು. ಔಷಧ ನಿಂತರೆ ಏನಾಗುತ್ತದೆ ಅನ್ನುವುದು ಮಾತ್ರ ನಮ್ಮಿಬ್ಬರಿಗೂ ಗೊತ್ತು, ನೀನು ಟೇಪಿನಲ್ಲಿ ಅಳೆಯುತ್ತಿದ್ದೀ.

ನನ್ನ ಮಗಳಾಗಿದ್ದರೆ ಈ ನಾಲ್ಕು ಬಾಟಲಿ ಹಾಕಿಸುತ್ತಿರಲಿಲ್ಲ, ಬೇರೆ ಬರುವ ತನಕ ಹೆದರಿಕೊಂಡು ಕಾಯುತ್ತಿದ್ದೆ. ಕಾಯುವುದರಲ್ಲಿ ಅವಳಿಗೆ ಏನಾದರೂ ಆದರೆ ಅದು ನನ್ನ ತಲೆಯ ಮೇಲೆ ಅಂತಲೂ ಗೊತ್ತು. ಇದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ. ಆಗ ಹೇಳಿದ ಹಾಗೆ ಈಗ ಹೇಳಲಾರೆ.

ಓದಿ ಹರಿದು ಹಾಕು.

ವಿವೇಕ


ಕಮಲಾಪುರ
5 ಅಕ್ಟೋಬರ್ 2024

ವಿವೇಕ,

ಹರಿದಿಲ್ಲ. ಅಳತೆಯ ಪುಸ್ತಕದೊಳಗೆ ಇಟ್ಟಿದ್ದೇನೆ. ಅಲ್ಲಿ ಬ್ಲೌಸಿನ ನಂಬರ್ ಬಿಟ್ಟರೆ ಯಾರೂ ಏನೂ ಹುಡುಕುವುದಿಲ್ಲ.

ಬುಧವಾರ ಸಂಜೆ ಆಸ್ಫಿಯಾ ಕಾಗದ ಕೊಟ್ಟಳು. ಓದಿ ನಿನಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಗೋಡೆಗೇ ಬೈದೆ. ಮನೆಯ ತಿರುವಿನ ತನಕ ಬಂದು ತಿರುಗಿ ಹೋದನಲ್ಲ ಹೇಡಿ ಅಂತ ಅದಕ್ಕೇ ಹೆಚ್ಚು ಸಿಟ್ಟು ಬಂತು. ಏನಾದರಾಗಲಿ ಶುಕ್ರವಾರ ಹಾಕಿಸಿಯೇ ತೀರುತ್ತೇನೆ ಅಂತ ನಿರ್ಧಾರ ಮಾಡಿದೆ. ಹೇಳಿದ ಹೊತ್ತಿಗೆ ಸಾವಿತ್ರಿಬಾಯಿ ಬಂದರು. ಹೊಲಿಗೆ ಮಷಿನ್ನಿನ ಮೇಲಿನ ಮೊಳೆಗೆ ಸಲಾಯಿನ್ ಬಾಟಲಿ ನೇತು ಹಾಕಿದೆವು. ಭಾಗಿ ತಾನೇ ತೋಳು ಏರಿಸಿಕೊಂಡು ಕೂತಳು. ನಾನು ಫ್ರಿಜ್ ಬಾಗಿಲು ತೆಗೆದು ನಿಂತೆ.

ಅಲ್ಲಿಯೇ ನಿಂತುಬಿಟ್ಟೆ, ವಿವೇಕ. ಹಾಕಿಸಲೇಬೇಡ, ನೂರಕ್ಕೆ ನೂರು ಹುಳ ಇದೆ ಅಂತ ನೀನು ಬರೆದಿದ್ದರೆ ಹಟಕ್ಕಾದರೂ ಹಾಕಿಸಿಬಿಡುತ್ತಿದ್ದೆ, ಆಗ ಇಲ್ಲ ಅಂದವನು ಈಗ ಇದೆ ಅನ್ನುತ್ತಾನೆ, ಇವನದೇನು ಕೇಳುವುದು ಅಂತ. ನೀನು ಗೊತ್ತಿಲ್ಲ ಅಂತ ಬರೆದಿದ್ದಿ. ಒಂದಲ್ಲ, ಮೂರು ಸಲ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಗೊತ್ತಿಲ್ಲ ಅನ್ನುವ ಮಾತು ನಿನ್ನ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಸಾವಿತ್ರಿಬಾಯಿಗೆ ಎಲ್ಲ ಹೇಳಿ ಕೈ ಮುಗಿದೆ. ಆ ಪುಣ್ಯಾತ್ಗಿತ್ತಿ ಬೈಯಲಿಲ್ಲ, ಚಹಾ ಕುಡಿದು ಹೋದರು. ನಿಮ್ಮ ಭಾವನಿಗೂ ಎಲ್ಲ ಹೇಳಿದೆ.

ನಾಲ್ಕೂ ಬಾಟಲಿ ಐಸ್ ಡಬ್ಬಿಯಲ್ಲಿಟ್ಟು ಆಸ್ಫಿಯಾಳ ಕೈಗೆ ಕೊಟ್ಟಿದ್ದೇನೆ, ಆಸ್ಪತ್ರೆಗೆ ಕೊಟ್ಟು ರಸೀದಿ ತರುತ್ತಾಳೆ. ಕೊಡುವಾಗ ನನ್ನ ಕೈಯೇ ಬಿಡಲಿಲ್ಲ. ಅವಳು ಮೆಲ್ಲಗೆ ಬಿಡಿಸಿಕೊಂಡಳು.

ಈಗ ಕಾಯುತ್ತೇನೆ. ನೀನೂ ಕಾಯಿ. ಇಬ್ಬರೂ ಹೆದರೋಣ.

ಅಕ್ಕ


ಕಲಬುರಗಿ
9 ನವೆಂಬರ್ 2024

ಅಕ್ಕಾ,

ಮೊದಲು ಒಳ್ಳೆಯದು. ಬೇರೆ ಟ್ಯಾಂಕಿನಲ್ಲಿ ತಯಾರಾದ ಹೊಸ ಔಷಧ ಹದಿನೆಂಟಕ್ಕೆ ಆಸ್ಪತ್ರೆಗೆ ಬರುತ್ತದೆ. ವಿಚಾರಿಸಿ ಖಾತ್ರಿ ಮಾಡಿಕೊಂಡೇ ಬರೆಯುತ್ತಿದ್ದೇನೆ.

ವಂಶವಾಹಿ ಪರೀಕ್ಷೆಯ ಫಲಿತಾಂಶ ಬಂತು. ಆ ಟ್ಯಾಂಕಿನಲ್ಲಿ ವೈರಸ್ ಇತ್ತು. ನಾನು ನೋಡಿದ ಸಾಲುಗಳು ವೈರಸ್ಸೇ. ಆಸ್ಫಿಯಾ ನನ್ನ ಟೇಬಲ್ಲಿಗೆ ಬಂದು, ‘ನೀವು ಕಂಡಿರಿ, ನಾ ಕಾಣಲಿಲ್ಲ’ ಅಂತ ಅಷ್ಟೇ ಹೇಳಿ ಅತ್ತಳು. ಅವಳು ಅಳುವುದನ್ನು ನೋಡಿ ನನಗೆ ಮೂರು ವರ್ಷದ ಹಿಂದಿನ ನಾನೇ ಕಂಡ ಹಾಗಾಯಿತು. ಚಹಾ ತಂದುಕೊಟ್ಟೆ.

ಇನ್ನು ಕಷ್ಟದ ಮಾತು. ನಿನ್ನ ಬಾಟಲಿಗಳ ನಂಬರಿನ ಔಷಧವನ್ನೂ ಕಂಪನಿಯವರು ನಮ್ಮಲ್ಲಿ ನೋಡಿಸಿದರು. ನನ್ನನ್ನು ಆ ಕೋಣೆಯ ಹತ್ತಿರ ಬಿಡಲಿಲ್ಲ, ಸರಿಯಾಗಿಯೇ ಮಾಡಿದರು. ನೌಕರಿ ಉಳಿದಿದೆ, ನಿನಗೆ ಕಾಗದ ಬರೆದದ್ದನ್ನೂ ನಾನೇ ಹೇಳಿದೆ, ಅದಕ್ಕೆ ಮಾತ್ರ ಎಚ್ಚರಿಕೆ ಪತ್ರ ಕೊಟ್ಟಿದ್ದಾರೆ. ಬೇರೆ ಇಬ್ಬರು ನೋಡಿದರು. ಅದರಲ್ಲಿ ಏನೂ ಕಾಣಲಿಲ್ಲ. ವಂಶವಾಹಿ ಪರೀಕ್ಷೆಯಲ್ಲೂ ಸಿಗಲಿಲ್ಲ. ಒಂದೆರಡು ದಿನದಲ್ಲಿ ನಿನಗೂ ಕಂಪನಿಯ ಕಾಗದ ಬರುತ್ತದೆ, ಅದಕ್ಕಿಂತ ಮೊದಲು ನಾನೇ ಹೇಳಬೇಕು ಅನ್ನಿಸಿತು. ಆ ನಾಲ್ಕು ಬಾಟಲಿ ಅವತ್ತಿನ ಶುಕ್ರವಾರ ಹಾಕಿಸಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಭಾಗಿ ಇಷ್ಟು ದಿನ ನನ್ನ ಮಾತಿಗೆ ಉಪವಾಸ ಬಿದ್ದ ಹಾಗಾಯಿತು.

ಏನೂ ಇಲ್ಲ ಅಂತ ಬರೆಯಲಿಕ್ಕೆ ಪೆನ್ನು ಹಿಡಿದೆ, ಆಗಲಿಲ್ಲ. ನಮ್ಮ ಮೈಕ್ರೋಸ್ಕೋಪಿಗೆ ಒಂದು ಹನಿಯಲ್ಲಿ ಸಾವಿರಗಟ್ಟಲೆ ಇದ್ದರೂ ಕಾಣದೆ ಹೋಗಬಹುದು. ಕಾಣಲಿಲ್ಲ ಅಂತ ಮಾತ್ರ ಬರೆಯಬಲ್ಲೆ. ಮೂರು ವರ್ಷದ ಹಿಂದೆಯೂ ನನಗೆ ಗೊತ್ತಿದ್ದದ್ದು ಅಷ್ಟೇ ಇತ್ತು. ಕಾಣಲಿಲ್ಲಕ್ಕಾ, ಡಾಕ್ಟರಿಗೆ ತೋರಿಸು ಅಂದಿದ್ದರೆ ಸಾಕಿತ್ತು.

ಎಷ್ಟು ಇಂಚು ಅಂತ ಕೇಳಲಿಕ್ಕೆ ಧೈರ್ಯವಿಲ್ಲ. ಆದರೂ ಬರೆ.

ವಿವೇಕ


ಕಮಲಾಪುರ
20 ನವೆಂಬರ್ 2024

ವಿವೇಕ,

ಇಪ್ಪತ್ತೇಳೂವರೆ. ಕೇಳಲಿಕ್ಕೆ ಧೈರ್ಯ ಬೇಕಾಗಿದ್ದು ನಿನಗಲ್ಲ, ಟೇಪು ಹಿಡಿಯುವವಳಿಗೆ.

ಕಂಪನಿಯ ಕಾಗದ ಬಂದ ದಿನ ನಿಮ್ಮ ಭಾವ ನಿನಗೆ ಬೈದರು. ನಾನೂ ಕೂಡಿ ಬೈದೆ. ಐದು ಸರದಿ ತಪ್ಪಿತು ನನ್ನ ಮಗಳಿಗೆ. ಸಾಲಿಗೆ ಹೋದರೆ ಎರಡನೇ ಪಿರಿಯಡ್ಡಿಗೇ ಬೆಂಚಿನ ಮೇಲೆ ತಲೆ ಇಡುತ್ತಾಳಂತೆ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ, ನೀನೂ ನನ್ನಿಂದ ಏನೂ ಮುಚ್ಚಿಡಬೇಡ. ಬೈದು ಮುಗಿದ ಮೇಲೆ ಭಾವ ಕೇಳಿದರು, ಮತ್ತ ಅದೇ ಹೊತ್ತು ಬಂದ್ರ ಏನ್ ಮಾಡ್ತಿ? ಮತ್ತೂ ಫ್ರಿಜ್ ಬಾಗಿಲಲ್ಲೇ ನಿಲ್ತೀನಿ ಅಂದೆ.

ಸೋಮವಾರ ಹೊಸ ಔಷಧ ಹಾಕಿಸಿದೆವು. ಸಿಸ್ಟರ್ ಸೂಜಿ ತೆಗೆದಾಗ ಭಾಗಿ ತೋಳು ಹಿಂದಕ್ಕೆ ಎಳೆದುಕೊಂಡಳು. ಅವಳು ಯಾವತ್ತೂ ಹಾಗೆ ಮಾಡಿದವಳಲ್ಲ. ಬಾಟಲಿಯ ಕಡೆ ನೋಡಿ ಕೇಳಿದಳು:

‘ಇದನ್ನ ಮಾಮಾ ನೋಡ್ಯಾನೇನವ್ವಾ?’

ನೋಡ್ಯಾನ ಅಂದುಬಿಟ್ಟಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಸಿಸ್ಟರ್ ಕೂಡ ಹಾಗೇ ಹೇಳಿರಿ ಅಂತ ಕಣ್ಣು ಮಾಡಿದರು.

‘ಗೊತ್ತಿಲ್ಲವ್ವಾ’ ಅಂದೆ.

ಅವಳು ಬಲಗೈ ಸಿಸ್ಟರ್ ಮುಂದೆ ಚಾಚಿ, ಎಡಗೈ ನನಗೆ ಕೊಟ್ಟು, ‘ಹಂಗಾದ್ರ ನೀ ಗಟ್ಟಿ ಹಿಡಕೋ’ ಅಂದಳು. ನಾಲ್ಕು ತಾಸೂ ನಾನು ಆ ಕೈ ಬಿಡಲಿಲ್ಲ.

ಅವಳ ಮುಂದಿನ ಸರದಿ ಡಿಸೆಂಬರ್ ಎರಡಕ್ಕೆ. ಆಸ್ಪತ್ರೆಗೆ ನೀನೂ ಬಾ. ಅವಳಿಗೆ ಇನ್ನೊಂದು ಕೈ ಇದೆ, ಸೂಜಿಯ ಕಡೆಯದನ್ನು ನೀನು ಹಿಡಿ. ತಿರುವಿನ ತನಕ ಬಂದು ಹೋಗುವ ಹಾಗಿದ್ದರೆ ಬರಲೇಬೇಡ.

ನಾಳೆ ಸಂಜೆ ಫೋನ್ ಮಾಡು. ನಾನೇ ಎತ್ತುತ್ತೇನೆ.

ಅಕ್ಕ